ಶೇ. 32ರ ಉಳಿತಾಯ ಎಲ್ಲಿ ಹೋಯಿತು? ಒಂದು ಐಟಿ ಹೊರಗುತ್ತಿಗೆಯ ಪ್ರಕರಣ ಅಧ್ಯಯನ

ಐಟಿ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟರೆ ನಿಜಕ್ಕೂ ಹಣ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಹೇಳುವವರು ಸಾಮಾನ್ಯವಾಗಿ ಇಬ್ಬರೇ: ಗುತ್ತಿಗೆಗೆ ಸಹಿ ಹಾಕಿದವರು ಮತ್ತು ಆ ಗುತ್ತಿಗೆಯಿಂದ ಕೆಲಸ ಕಳೆದುಕೊಂಡವರು. ಇಬ್ಬರ ಉತ್ತರವೂ ಕೇಳುವ ಮೊದಲೇ ಗೊತ್ತಿರುತ್ತದೆ. ಇಲ್ಲಿ ವಿವರಿಸಿರುವ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣ, ಸಹಿ ಬಿದ್ದ ಎರಡು ವರ್ಷಗಳ ನಂತರ ಸಂಸ್ಥೆಯ ಹಣಕಾಸು ವಿಭಾಗದವರೇ ಕುಳಿತು ಇಡೀ ಲೆಕ್ಕವನ್ನು ಬುಡದಿಂದ ಮತ್ತೆ ಹಾಕಿದರು ಎಂಬುದು. ಗುರುತು ಸಿಗಬಾರದೆಂದು ಸಂಸ್ಥೆಯ ಹೆಸರು, ಊರು, ನಾಣ್ಯ ಎಲ್ಲವನ್ನೂ ಬಿಡಲಾಗಿದೆ. ಇಂಥ ಗುತ್ತಿಗೆಗಳಲ್ಲಿ ಪದೇ ಪದೇ ಕಾಣಿಸುವ ಕೆಲವು ವಿವರಗಳನ್ನು ಇದರೊಳಗೇ ಹೊಂದಿಸಲಾಗಿದೆ. ವೆಚ್ಚವನ್ನು ಹಣದಲ್ಲಿ ಹೇಳದೆ, ಗುತ್ತಿಗೆಗೆ ಮುಂಚಿನ ವರ್ಷದ ವೆಚ್ಚವನ್ನು 100 ಎಂದಿಟ್ಟುಕೊಂಡು ಅನುಪಾತದಲ್ಲಿ ಹೇಳಿದೆ.

ಹಿನ್ನೆಲೆ

ಇದು ಮಧ್ಯಮ ಗಾತ್ರದ ಒಂದು ವಿಮಾ ಸಂಸ್ಥೆ. ಪಾಲಿಸಿ ನೀಡುವುದು, ಕಂತು ಲೆಕ್ಕ ಹಾಕುವುದು, ಕ್ಲೇಮ್ ತೀರ್ಮಾನಿಸುವುದು ಇವೆಲ್ಲವೂ ದಶಕಗಳ ಹಿಂದೆ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು, ಆಮೇಲೆ ಕಾಲಕಾಲಕ್ಕೆ ತೇಪೆ ಹಾಕುತ್ತ ಬಂದ ತಂತ್ರಾಂಶದಲ್ಲಿ ನಡೆಯುತ್ತಿದ್ದವು. ಐಟಿ ವಿಭಾಗದಲ್ಲಿ 58 ಜನರಿದ್ದರು: ಅಪ್ಲಿಕೇಶನ್‌ಗಳನ್ನು ನೋಡಿಕೊಳ್ಳಲು 30, ಸರ್ವರ್ ಮತ್ತು ನೆಟ್‌ವರ್ಕ್‌ಗೆ 16, ಹೆಲ್ಪ್‌ಡೆಸ್ಕ್‌ಗೆ 12. ವೆಚ್ಚದ 100 ಪಾಲಿನಲ್ಲಿ ಅಪ್ಲಿಕೇಶನ್‌ಗಳಿಗೆ 55, ಸರ್ವರ್ ನಿರ್ವಹಣೆಗೆ 30, ಹೆಲ್ಪ್‌ಡೆಸ್ಕ್‌ಗೆ 15 ಹೋಗುತ್ತಿತ್ತು.

ಸಮಸ್ಯೆ ತಲೆಯೆತ್ತಿದ್ದು ಐಟಿ ವಿಭಾಗದಲ್ಲಲ್ಲ. ಎರಡು ವರ್ಷ ಸತತವಾಗಿ ಲಾಭ ಕುಸಿದಾಗ, ವ್ಯವಹಾರಕ್ಕೆ ಪೆಟ್ಟು ಬೀಳದಂತೆ ಎಲ್ಲೆಲ್ಲಿ ವೆಚ್ಚ ಕಡಿಮೆ ಮಾಡಬಹುದು ಎಂದು ಆಡಳಿತ ಮಂಡಳಿ ಕೇಳಿತು, ಮತ್ತು ವಿಮೆ ಮಾರುವ ಸಂಸ್ಥೆಗೆ ಕಂಪ್ಯೂಟರ್ ನಡೆಸುವುದು ಮುಖ್ಯ ಕಸುಬಲ್ಲ ಎಂಬ ವಾದ ಎಲ್ಲರಿಗೂ ಹಿತವಾಗಿಯೇ ಕೇಳಿಸಿತು. ಹೊಸದೇನೂ ಅಲ್ಲದ ವಾದವದು. 1989ರಲ್ಲಿ ಈಸ್ಟ್‌ಮನ್ ಕೊಡಾಕ್ ತನ್ನ ಡೇಟಾ ಸೆಂಟರ್‌ಗಳ ನಿರ್ವಹಣೆಯನ್ನು ಐಬಿಎಮ್‌ಗೆ ಒಪ್ಪಿಸಿದಂದಿನಿಂದ ದೊಡ್ಡ ಸಂಸ್ಥೆಗಳ ಸಭೆಗಳಲ್ಲಿ ಅದು ಚಾಲ್ತಿಯಲ್ಲಿದೆ.

ಐದು ವರ್ಷದ ಗುತ್ತಿಗೆಗೆ ಬಂದ ಬೆಲೆಗಳಲ್ಲಿ ಆಯ್ಕೆಯಾದದ್ದು ವರ್ಷಕ್ಕೆ 68: ಅಪ್ಲಿಕೇಶನ್‌ಗಳಿಗೆ 39, ಸರ್ವರ್‌ಗಳಿಗೆ 20, ಹೆಲ್ಪ್‌ಡೆಸ್ಕ್‌ಗೆ 9. ಮಂಡಳಿಗೆ ತೋರಿಸಿದ ಚಿತ್ರ ಸರಳವಾಗಿತ್ತು. ವರ್ಷಕ್ಕೆ 32ರಂತೆ ಐದು ವರ್ಷಕ್ಕೆ 160, ಅಂದರೆ ಒಂದೂವರೆ ವರ್ಷದ ಐಟಿ ವೆಚ್ಚಕ್ಕಿಂತ ಹೆಚ್ಚು ಹಣ ಉಳಿಯುತ್ತದೆ.

ಸಹಿಗೆ ಮುಂಚಿನ ಎರಡು ತೀರ್ಮಾನಗಳು

ಒಬ್ಬ ಸ್ವತಂತ್ರ ನಿರ್ದೇಶಕರು ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಉದಾಹರಣೆಯನ್ನು ಎತ್ತಿದರು. ಆ ಬ್ಯಾಂಕು 2002ರ ಡಿಸೆಂಬರಿನಲ್ಲಿ ಐಬಿಎಮ್ ಜೊತೆ ಏಳು ವರ್ಷಗಳ, ಸುಮಾರು 500 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು, ಬ್ಯಾಂಕ್ ಒನ್ ಜೊತೆ ವಿಲೀನವಾದ ಮೇಲೆ 2004ರಲ್ಲಿ ಅದನ್ನು ರದ್ದುಪಡಿಸಿ, ಸುಮಾರು 4,000 ಜನರನ್ನು ಮರಳಿ ತನ್ನ ತೆಕ್ಕೆಗೆ ತೆಗೆದುಕೊಂಡಿತ್ತು. ನಮಗೆ ವಿಲೀನದ ಯೋಚನೆಯಿಲ್ಲ ಎಂಬ ಉತ್ತರದೊಂದಿಗೆ ಆ ಚರ್ಚೆ ಮುಗಿಯಿತು. ಉದಾಹರಣೆ ಕೊಟ್ಟವರ ಉದ್ದೇಶ ವಿಲೀನದ ಬಗ್ಗೆ ಎಚ್ಚರಿಸುವುದಾಗಿರಲಿಲ್ಲ. ಐದಾರು ವರ್ಷದಲ್ಲಿ ಯಾವ ಸಂಸ್ಥೆಯ ಅಗತ್ಯಗಳೂ ಬದಲಾಗುತ್ತವೆ, ಹಾಗೆ ಬದಲಾದಾಗ ಒಪ್ಪಂದದಿಂದ ಹೊರಬರುವ ದಾರಿ ಯಾವುದು ಎಂದು ಕೇಳುವುದಾಗಿತ್ತು.

ಆ ಪ್ರಶ್ನೆ ವ್ಯರ್ಥವಾಗಲಿಲ್ಲ, ಬೇರೆ ರೂಪದಲ್ಲಿ ಫಲ ಕೊಟ್ಟಿತು. ಮೂರೂ ಸೇವೆಗಳನ್ನು ಒಂದೇ ಬೆಲೆಯಲ್ಲಿ ಕಟ್ಟಿಕೊಟ್ಟರೆ ಇನ್ನೂ ಶೇ. 3ರಷ್ಟು ರಿಯಾಯಿತಿ ಕೊಡುವುದಾಗಿ ಗುತ್ತಿಗೆದಾರರು ಹೇಳಿದ್ದರು, ಖರೀದಿ ವಿಭಾಗಕ್ಕೆ ಅದು ಬೇಕಿತ್ತು. ಕಾನೂನು ಸಲಹೆಗಾರರು ಮಾತ್ರ ಹಟ ಹಿಡಿದು, ಪ್ರತಿ ಸೇವೆಗೂ ಬೇರೆ ಬೆಲೆಪಟ್ಟಿ ಇರಬೇಕು ಮತ್ತು 90 ದಿನದ ನೋಟಿಸಿನ ಮೇಲೆ ಒಂದು ಸೇವೆಯನ್ನೋ ಅದರ ಭಾಗವನ್ನೋ ನಿಗದಿತ ಶುಲ್ಕ ತೆತ್ತು ಹಿಂಪಡೆಯುವ ಹಕ್ಕು ಇರಬೇಕು ಎಂಬ ಷರತ್ತನ್ನು ಸೇರಿಸಿದರು. ಅಂದು ಇದು ಶೇ. 3 ಕಳೆದುಕೊಂಡ ನಿರ್ಧಾರವಾಗಿ ಕಂಡಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಹಣ ಉಳಿಸಿದ ನಿರ್ಧಾರ ಇದೇ.

ಇನ್ನೊಂದು ನಿರ್ಧಾರ ಯಾರ ಗಮನಕ್ಕೂ ಬಾರದೆ ನಡೆದುಹೋಯಿತು, ಏಕೆಂದರೆ ಅದು ಒಂದು ಕೆಲಸವನ್ನು ಮಾಡದೆ ಬಿಟ್ಟ ನಿರ್ಧಾರ. 30 ಜನರ ಅಪ್ಲಿಕೇಶನ್ ತಂಡ ವರ್ಷಕ್ಕೆ ಎಷ್ಟು ಬದಲಾವಣೆಗಳನ್ನು ಮಾಡಿಕೊಡುತ್ತದೆ, ಒಂದೊಂದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಯಾರೂ ಅಳೆದಿರಲಿಲ್ಲ. ಜನರ ಸಂಬಳ ಗೊತ್ತಿತ್ತು, ಅವರು ಮಾಡುವ ಕೆಲಸದ ಪ್ರಮಾಣ ಗೊತ್ತಿರಲಿಲ್ಲ. ಹೀಗಾಗಿ 100 ಮತ್ತು 68ರ ಹೋಲಿಕೆಯಲ್ಲಿ ಎರಡೂ ಕಡೆ ಕೆಲಸ ಒಂದೇ ಎಂಬುದು ಬರೀ ನಂಬಿಕೆಯಾಗಿ ಉಳಿಯಿತು.

ಹಸ್ತಾಂತರ

ಏಳು ತಿಂಗಳು ಹಳೆಯ ತಂಡ ಮತ್ತು ಹೊಸ ತಂಡ ಜೊತೆಜೊತೆಗೆ ಕೆಲಸ ಮಾಡಿದವು. ಮೊದಲು ಹೊಸಬರು ಹಳಬರ ಪಕ್ಕ ಕುಳಿತು ನೋಡುವುದು, ನಂತರ ಹಳಬರ ಮುಂದೆ ಹೊಸಬರು ಮಾಡಿ ತೋರಿಸುವುದು, ನಡುವೆ ದಾಖಲೆ ಬರೆಯುವುದು ಎಂಬ ಎಂದಿನ ಕ್ರಮವೇ ಇಲ್ಲೂ ಇತ್ತು. ಸರ್ವರ್ ಮತ್ತು ಹೆಲ್ಪ್‌ಡೆಸ್ಕ್ ಹಸ್ತಾಂತರ ಹೆಚ್ಚು ಸದ್ದಿಲ್ಲದೆ ಮುಗಿಯಿತು. ಪಾಸ್‌ವರ್ಡ್ ಮರುಹೊಂದಿಸುವುದು, ಬ್ಯಾಕಪ್ ತೆಗೆಯುವುದು, ಡಿಸ್ಕ್ ತುಂಬುವ ಮೊದಲೇ ಎಚ್ಚರಿಸುವುದು ಎಲ್ಲ ಸಂಸ್ಥೆಗಳಲ್ಲೂ ಒಂದೇ ತೆರನಾದ ಕೆಲಸ, ಗುತ್ತಿಗೆದಾರರು ಅದನ್ನು ಹತ್ತಾರು ಗ್ರಾಹಕರಿಗೆ ಮಾಡಿ ಪಳಗಿದ್ದರು.

ಅಪ್ಲಿಕೇಶನ್‌ಗಳ ವಿಷಯದಲ್ಲಿ ಹಾಗಾಗಲಿಲ್ಲ. ಪಾಲುದಾರ ಬ್ಯಾಂಕುಗಳಿಂದ ನವೀಕರಣ ಕಂತಿನ ಕಡತ ಪ್ರತಿ ರಾತ್ರಿ ಬರುತ್ತಿತ್ತು, ಅದನ್ನು ಓದಿ ಎಲ್ಲ ದಾಖಲೆಗಳನ್ನೂ ಒಟ್ಟಿಗೆ ಸಂಸ್ಕರಿಸುವ ಬ್ಯಾಚ್ ಕೆಲಸ ನಿಗದಿತ ಹೊತ್ತಿಗೆ ತಾನಾಗಿ ಶುರುವಾಗುತ್ತಿತ್ತು. ತ್ರೈಮಾಸಿಕದ ಕೊನೆಯ ದಿನ ಮಾತ್ರ ಒಂದು ಬ್ಯಾಂಕಿನ ಕಡತ ತಡವಾಗುತ್ತದೆ ಎಂದು ಬಲ್ಲ ಹಿರಿಯ ಪ್ರೋಗ್ರಾಮರ್ ಒಬ್ಬರು ಆ ರಾತ್ರಿ ಮನೆಯಿಂದಲೇ ಲಾಗಿನ್ ಆಗಿ, ಕೆಲಸವನ್ನು ತಡೆಹಿಡಿದು, ಕಡತ ಬಂದ ಮೇಲೆ ಬಿಡುತ್ತಿದ್ದರು. ಹಸ್ತಾಂತರದ ದಾಖಲೆಯಲ್ಲಿ ಇದು ಇರಲಿಲ್ಲ. ಅವರು ಮುಚ್ಚಿಟ್ಟಿರಲಿಲ್ಲ, ಗೊತ್ತಿರುವ ದೋಷಗಳನ್ನು ಪಟ್ಟಿ ಮಾಡಿ ಎಂದು ಕೇಳಿದಾಗ ಅವರು ದೋಷಗಳನ್ನೇ ಪಟ್ಟಿ ಮಾಡಿದ್ದರು, ತಾವು ಮಾಡುತ್ತಿದ್ದ ಈ ಕೆಲಸ ಅವರ ಲೆಕ್ಕದಲ್ಲಿ ದೋಷವೂ ಅಲ್ಲ, ವಿಧಾನವೂ ಅಲ್ಲ, ಬರೀ ರೂಢಿ.

ಅವರು ಬಿಟ್ಟುಹೋದ ನಂತರದ ಮೊದಲ ತ್ರೈಮಾಸಿಕದ ಕೊನೆಯಲ್ಲಿ ಬ್ಯಾಚ್ ಕೆಲಸ ಖಾಲಿ ಕಡತವನ್ನೇ ಓದಿ, ಸಾವಿರಾರು ಪಾಲಿಸಿಗಳನ್ನು ಕಂತು ಕಟ್ಟದವು ಎಂದು ಗುರುತಿಸಿ, ರದ್ದತಿಯ ಸೂಚನಾ ಪತ್ರಗಳನ್ನು ಹೊರಡಿಸಿತು. ಗುತ್ತಿಗೆದಾರರ ತಂಡ 15 ನಿಮಿಷದೊಳಗೆ ಟಿಕೆಟ್, ಅಂದರೆ ದಾಖಲಾದ ದೂರನ್ನು, ಕೈಗೆತ್ತಿಕೊಂಡು ನಾಲ್ಕು ಗಂಟೆಯೊಳಗೆ ದತ್ತಾಂಶವನ್ನು ಹಿಂದಿನ ಸ್ಥಿತಿಗೆ ತಂದಿತು. ಒಪ್ಪಂದದ ಭಾಷೆಯಲ್ಲಿ ಇದು ಯಶಸ್ಸು. ಒಪ್ಪಂದದಲ್ಲಿದ್ದ ತಿಂಗಳಿಗೆ ಶೇ. 99.5 ಲಭ್ಯತೆ (ವ್ಯವಸ್ಥೆ ಓಡುತ್ತಿರಬೇಕಾದ ಸಮಯ) ಎಂದರೆ 30 ದಿನದ ತಿಂಗಳಿನಲ್ಲಿ 3 ಗಂಟೆ 36 ನಿಮಿಷ ವ್ಯವಸ್ಥೆ ನಿಂತರೂ ಷರತ್ತು ಮುರಿದಂತಲ್ಲ, ಮತ್ತು ಇಲ್ಲಿ ವ್ಯವಸ್ಥೆ ಒಂದು ನಿಮಿಷವೂ ನಿಂತಿರಲಿಲ್ಲ, ತಪ್ಪಾಗಿ ಓಡಿತ್ತು ಅಷ್ಟೆ. ಆದರೆ ಹೊರಟ ಪತ್ರಗಳು ಹೊರಟಿದ್ದವು. ಅದಕ್ಕೆ ಸಮಜಾಯಿಷಿ ಹೇಳುವುದರಲ್ಲಿ ಗ್ರಾಹಕ ಸೇವಾ ವಿಭಾಗದ ಎರಡು ವಾರ ಹೋಯಿತು, ಆ ವೆಚ್ಚ ಯಾವ ಐಟಿ ಲೆಕ್ಕದಲ್ಲೂ ಸೇರಲಿಲ್ಲ. ಹೊರಗೆ ಹಸಿರು, ಒಳಗೆ ಕೆಂಪು ಎಂಬ ಅರ್ಥದಲ್ಲಿ ಈ ವಲಯದವರು ಇಂಥ ವರದಿಗಳನ್ನು ಕಲ್ಲಂಗಡಿ ಎಂದು ಕರೆಯುತ್ತಾರೆ. ಆ ತಿಂಗಳ ವರದಿ ಅದಕ್ಕೆ ಒಳ್ಳೆಯ ಮಾದರಿ.

ಒಂದು ಸಣ್ಣ ಬದಲಾವಣೆಯ ಬೆಲೆ

ಅವಘಡಗಳು ಎದ್ದು ಕಾಣುತ್ತವೆ, ಹೀಗಾಗಿ ಅವುಗಳ ಬಗ್ಗೆ ಸಭೆಗಳಾಗುತ್ತವೆ. ಹಣ ನಿಜವಾಗಿ ಸೋರುತ್ತಿದ್ದುದು ದಿನನಿತ್ಯದ ಸಣ್ಣ ಬದಲಾವಣೆಗಳಲ್ಲಿ. ಒಂದನ್ನು ಬಿಡಿಸಿ ನೋಡಬಹುದು.

ಕ್ಲೇಮ್ ಅರ್ಜಿಯಲ್ಲಿ ನಾಮಿನಿಗೂ ಪಾಲಿಸಿದಾರರಿಗೂ ಇರುವ ಸಂಬಂಧವನ್ನು ಆರಿಸುವ ಪಟ್ಟಿಗೆ ‘ಕಾನೂನುಬದ್ಧ ಪಾಲಕ’ ಎಂಬ ಒಂದು ಆಯ್ಕೆ ಸೇರಬೇಕಿತ್ತು. ಹಿಂದಿನ ದಿನಗಳಲ್ಲಾದರೆ ಕ್ಲೇಮ್ ವಿಭಾಗದವರು ಐಟಿ ಮಹಡಿಗೆ ಹೋಗಿ ಹೇಳಿ ಬರುತ್ತಿದ್ದರು, ಎರಡು ಮೂರು ದಿನದಲ್ಲಿ ಆಗುತ್ತಿತ್ತು. ಈಗ ಅದು ಒಪ್ಪಂದದ ವ್ಯಾಪ್ತಿಗೆ ಹೊರಗಿನ, ಬೇರೆಯಾಗಿ ಹಣ ಕೊಡಬೇಕಾದ ಬದಲಾವಣೆಯ ಕೋರಿಕೆ, ಅಂದರೆ ಚೇಂಜ್ ರಿಕ್ವೆಸ್ಟ್. ನಾಲ್ಕು ಪುಟದ ನಮೂನೆ ತುಂಬಿದ ಮೇಲೆ ಬಂದ ಅಂದಾಜು 46 ಗಂಟೆ: ಪರಿಣಾಮದ ವಿಶ್ಲೇಷಣೆಗೆ 8, ಕೋಡ್ ಬರೆಯಲು 6, ಮರುಪರೀಕ್ಷೆಗೆ 14, ದಾಖಲೆಗೆ 6, ಯೋಜನಾ ನಿರ್ವಹಣೆಗೆ 12. ಅನುಮೋದನೆ, ಖರೀದಿ ಆದೇಶ, ಬಿಡುಗಡೆಯ ಸರದಿ ಎಲ್ಲ ಸೇರಿ ಏಳನೇ ವಾರದಲ್ಲಿ ಆ ಆಯ್ಕೆ ಪರದೆಯ ಮೇಲೆ ಬಂತು.

ಇದನ್ನು ಸುಲಿಗೆ ಎಂದು ಕರೆದುಬಿಡುವುದು ಸುಲಭ, ಸಂಸ್ಥೆಯೊಳಗೆ ಹಲವರು ಹಾಗೆಯೇ ಕರೆದರು. ಅಂದಾಜನ್ನು ಸಾಲು ಸಾಲಾಗಿ ಓದಿದರೆ ಹಾಗೆ ಹೇಳುವುದು ಕಷ್ಟ. ಆ ಸಂಬಂಧ ಸೂಚಿಸುವ ಸಂಕೇತವನ್ನು ಇನ್ನೂ ಯಾವ ಯಾವ ಪ್ರೋಗ್ರಾಂಗಳು ಓದುತ್ತವೆ ಎಂಬುದು ಹಳೆಯ ತಂಡಕ್ಕೆ ಬಾಯಿಪಾಠವಾಗಿತ್ತು, ಹೊಸ ತಂಡ ಪ್ರತಿ ಸಲವೂ ಹುಡುಕಬೇಕಿತ್ತು. ಗೊತ್ತಿಲ್ಲದವನು ಎಲ್ಲವನ್ನೂ ಪರೀಕ್ಷಿಸಬೇಕು, ಪರೀಕ್ಷಿಸದೆ ಬಿಟ್ಟರೆ ದಂಡ ಕಟ್ಟಬೇಕು. ಹುಡುಕಿ ಕಲಿತವರಲ್ಲಿ ಕೆಲವರು ವರ್ಷ ಕಳೆಯುವುದರೊಳಗೆ ಬೇರೆ ಗ್ರಾಹಕರ ಕೆಲಸಕ್ಕೆ ಹೋಗುತ್ತಿದ್ದರು, ಬಂದವರು ಮತ್ತೆ ಮೊದಲಿನಿಂದ ಹುಡುಕುತ್ತಿದ್ದರು. ಗಂಟೆಯ ದರ ನಿಜಕ್ಕೂ ಅಗ್ಗವಾಗಿತ್ತು, ಗಂಟೆಗಳೇ ಹೆಚ್ಚಾಗಿದ್ದವು.

ಇದಕ್ಕೆ ವ್ಯವಹಾರ ವಿಭಾಗಗಳು ಕಂಡುಕೊಂಡ ಪರಿಹಾರ ಕೇಳುವುದನ್ನೇ ನಿಲ್ಲಿಸುವುದು. ಕ್ಲೇಮ್ ವಿಭಾಗದಲ್ಲಿ, ತಂತ್ರಾಂಶದಲ್ಲಿ ಹಿಡಿಸದ ಪ್ರಕರಣಗಳಿಗೆಂದು ಒಂದು ಎಕ್ಸೆಲ್ ಕಡತ ಹುಟ್ಟಿಕೊಂಡು, ಅದನ್ನು ತುಂಬಲೆಂದೇ ಒಬ್ಬರು ನೇಮಕವಾದರು. ಐಟಿ ವೆಚ್ಚದ ಪಟ್ಟಿಯಲ್ಲಿ ಬದಲಾವಣೆಗಳ ಸಂಖ್ಯೆ ಇಳಿಯುತ್ತಿದ್ದುದನ್ನು ಮೊದಲ ವರ್ಷದ ವರದಿ ಸ್ಥಿರತೆಯ ಲಕ್ಷಣವೆಂದು ಬಣ್ಣಿಸಿತ್ತು.

ಲೆಕ್ಕ ಮತ್ತೆ ಹಾಕಿದಾಗ

ತಿರುವು ಬಂದದ್ದು ದೂರಿನಿಂದಲ್ಲ, ಬಜೆಟ್ಟಿನಿಂದ. ಎರಡನೇ ವರ್ಷದ ಕೊನೆಗೆ, ಐಟಿಯಲ್ಲಿ ಉಳಿದ ಹಣವನ್ನು ಹೊಸ ಶಾಖೆಗಳಿಗೆ ಕೊಡಿ ಎಂದು ಮಾರಾಟ ವಿಭಾಗ ಕೇಳಿತು. ಹಣಕಾಸು ವಿಭಾಗಕ್ಕೆ ಆ ಹಣ ಯಾವ ಖಾತೆಯಲ್ಲೂ ಸಿಗಲಿಲ್ಲ. ಉಳಿತಾಯವಾಗಿದೆ ಎಂದು ಎಲ್ಲ ವರದಿಗಳೂ ಹೇಳುತ್ತಿರುವಾಗ ಹಣ ಮಾತ್ರ ಇಲ್ಲ ಎಂದರೆ ಏನರ್ಥ ಎಂದು ಹುಡುಕಲು ಹೊರಟ ಒಬ್ಬ ಲೆಕ್ಕಪರಿಶೋಧಕರು ಒಂದು ತಿಂಗಳ ಕಾಲ ಬಿಲ್ಲುಗಳನ್ನೂ ಸಂಬಳದ ಪಟ್ಟಿಯನ್ನೂ ಜೋಡಿಸಿದರು.

ಗುತ್ತಿಗೆಯ ಶುಲ್ಕ ಹೇಳಿದಂತೆಯೇ 68. ಅದರ ಮೇಲೆ ಚೇಂಜ್ ರಿಕ್ವೆಸ್ಟ್‌ಗಳಿಗೆ 13. ಗುತ್ತಿಗೆಯನ್ನು ನೋಡಿಕೊಳ್ಳಲು, ಬೇಡಿಕೆಗಳನ್ನು ಬರೆದುಕೊಡಲು, ಬಂದ ಕೆಲಸವನ್ನು ಪರೀಕ್ಷಿಸಲು, ಬಿಲ್ಲುಗಳನ್ನು ತಾಳೆ ನೋಡಲು ಸಂಸ್ಥೆಯೊಳಗೆ ಉಳಿಸಿಕೊಂಡ ತಂಡಕ್ಕೆ 10. ಆರಂಭದಲ್ಲಿ ಒಮ್ಮೆ ಮಾಡಿದ ಖರ್ಚು 22: ಬಿಟ್ಟುಹೋದವರಿಗೆ ಪರಿಹಾರ 8, ಎರಡು ತಂಡಗಳನ್ನು ಜೊತೆಯಲ್ಲಿ ಸಾಕಿದ್ದಕ್ಕೆ 9, ಸಲಹೆಗಾರರಿಗೂ ವಕೀಲರಿಗೂ 5. ಇದನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 4.4.

ಕೊನೆಯ ಬಾಬತ್ತು ಎಲ್ಲರನ್ನೂ ಬೆಚ್ಚಿಬೀಳಿಸಿತು. ಮೂಲ 100ರಲ್ಲಿ 7 ಪಾಲು ಐಟಿಯ ಖರ್ಚೇ ಆಗಿರಲಿಲ್ಲ. ಕಟ್ಟಡದ ಬಾಡಿಗೆ, ಕೇಂದ್ರ ಕಚೇರಿಯ ಆಡಳಿತ, ಮಾನವ ಸಂಪನ್ಮೂಲ ವಿಭಾಗ ಇವುಗಳ ವೆಚ್ಚವನ್ನು ತಲೆಯೆಣಿಕೆಯ ಮೇಲೆ ಎಲ್ಲ ವಿಭಾಗಗಳಿಗೂ ಹಂಚುವಾಗ ಐಟಿಯ ಹೆಸರಿಗೆ ಬಂದ ಪಾಲದು. ಐಟಿಯ ಜನ ಹೋದ ಮಾತ್ರಕ್ಕೆ ಬಾಡಿಗೆ ಇಳಿಯುವುದಿಲ್ಲ, ಆ 7 ಬೇರೆ ವಿಭಾಗಗಳ ಲೆಕ್ಕಕ್ಕೆ ಹೋಗಿ ಕುಳಿತಿತ್ತು. ಎಲ್ಲ ಸೇರಿ ಎರಡನೇ ವರ್ಷದ ವೆಚ್ಚ 102.4 ಆಯಿತು.

ಗುತ್ತಿಗೆದಾರರು ಈ ಲೆಕ್ಕವನ್ನು ಒಪ್ಪಲಿಲ್ಲ, ಅವರ ಆಕ್ಷೇಪದಲ್ಲಿ ಹುರುಳೂ ಇತ್ತು. ಎರಡು ವರ್ಷದಲ್ಲಿ ಸಂಬಳಗಳು ಏರಿವೆ, ಹಳೆಯ ತಂಡವಿದ್ದಿದ್ದರೂ ವೆಚ್ಚ 100ರಲ್ಲೇ ನಿಲ್ಲುತ್ತಿರಲಿಲ್ಲ ಎಂಬುದು ಒಂದು. ಎರಡನೇ ವರ್ಷ ಹೆಲ್ಪ್‌ಡೆಸ್ಕ್‌ಗೆ ಬಂದ ಕರೆಗಳೇ ಹೆಚ್ಚು ಎಂಬುದು ಇನ್ನೊಂದು. ಈ ಎರಡನೆಯ ವಾದವೇ ಚರ್ಚೆಗೆ ದಾರಿ ತೋರಿಸಿತು. ಒಟ್ಟು ಮೊತ್ತದ ಬದಲು ಸೇವೆಗೊಂದರಂತೆ, ಮಾಡಿದ ಕೆಲಸಕ್ಕೆ ತಕ್ಕಂತೆ ಲೆಕ್ಕ ಹಾಕೋಣ ಎಂದು ಎರಡೂ ಕಡೆಯವರು ಒಪ್ಪಿದರು.

ಹಾಗೆ ವಿಂಗಡಿಸಿದಾಗ ಹೆಲ್ಪ್‌ಡೆಸ್ಕ್ 15ರಿಂದ 10.4ಕ್ಕೆ, ಸರ್ವರ್ ನಿರ್ವಹಣೆ 30ರಿಂದ 23ಕ್ಕೆ ಇಳಿದಿತ್ತು. ಎಲ್ಲ ಗುಪ್ತ ವೆಚ್ಚಗಳನ್ನು ಸೇರಿಸಿದ ಮೇಲೂ ಇವು ನಿಜವಾದ ಉಳಿತಾಯ, ಅದೂ ಹೆಚ್ಚಿನ ಕರೆಗಳನ್ನು ನಿಭಾಯಿಸಿ. ಅಪ್ಲಿಕೇಶನ್‌ಗಳ ವೆಚ್ಚ ಮಾತ್ರ 55ರಿಂದ 69ಕ್ಕೆ ಏರಿತ್ತು. ಹಳೆಯ ಇಮೇಲ್‌ಗಳಿಂದಲೂ ಬಿಡುಗಡೆಯ ದಾಖಲೆಗಳಿಂದಲೂ ಹೆಕ್ಕಿ ಎಣಿಸಿದಾಗ, ಹಿಂದೆ ವರ್ಷಕ್ಕೆ ಸುಮಾರು 120 ಬದಲಾವಣೆಗಳು ಆಗುತ್ತಿದ್ದಲ್ಲಿ ಈಗ ಆಗುತ್ತಿದ್ದುದು 70. ಒಂದು ಬದಲಾವಣೆಯ ಸರಾಸರಿ ವೆಚ್ಚ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು.

ಅರ್ಧ ಮರಳಿ ತಂದ ನಿರ್ಧಾರ

ಮಂಡಳಿಯ ಮುಂದೆ ಮೂರು ದಾರಿಗಳಿದ್ದವು. ಎಲ್ಲವನ್ನೂ ರದ್ದುಪಡಿಸಬೇಕೆಂಬ ಸಿಟ್ಟು ಒಂದು ಗುಂಪಿನದು. 2012ರಲ್ಲಿ ಜನರಲ್ ಮೋಟರ್ಸ್ ತನ್ನ ಐಟಿ ಕೆಲಸದ ಬಹುಪಾಲನ್ನು ಹೊರಗುತ್ತಿಗೆಯಿಂದ ಒಳಕ್ಕೆ ತರಲು ನಿರ್ಧರಿಸಿದ್ದನ್ನು ಅವರು ತೋರಿಸಿದರು. ಅಷ್ಟು ಜನರನ್ನು ಕರೆತಂದು ಸಾಕುವ ಗಾತ್ರ ಈ ಸಂಸ್ಥೆಗಿರಲಿಲ್ಲ. ಚೇಂಜ್ ರಿಕ್ವೆಸ್ಟ್‌ಗಳ ದರವನ್ನು ಚೌಕಾಸಿ ಮಾಡಿ ಇಳಿಸೋಣ ಎಂಬುದು ಖರೀದಿ ವಿಭಾಗದ ಸಲಹೆ. ಸಮಸ್ಯೆ ದರದಲ್ಲಿಲ್ಲ, ಗಂಟೆಗಳಲ್ಲಿದೆ ಎಂಬುದು ಆ ವೇಳೆಗೆ ಸ್ಪಷ್ಟವಾಗಿದ್ದರಿಂದ ಅದು ನಿಲ್ಲಲಿಲ್ಲ.

ಆಯ್ಕೆಯಾದದ್ದು ಮೂರನೆಯದು. ಪಾಲಿಸಿ, ಕಂತು ಮತ್ತು ಕ್ಲೇಮ್ ನಿಯಮಗಳಿರುವ ಮುಖ್ಯ ತಂತ್ರಾಂಶವನ್ನು ಮರಳಿ ತರುವುದು. ಜಾಲತಾಣ, ವರದಿಗಳು, ಸಿಬ್ಬಂದಿ ವ್ಯವಸ್ಥೆಯಂಥ ಉಳಿದ ಅಪ್ಲಿಕೇಶನ್‌ಗಳು, ಸರ್ವರ್‌ಗಳು ಮತ್ತು ಹೆಲ್ಪ್‌ಡೆಸ್ಕನ್ನು ಗುತ್ತಿಗೆಯಲ್ಲೇ ಬಿಡುವುದು. ಕಾನೂನು ಸಲಹೆಗಾರರು ಸೇರಿಸಿದ್ದ 90 ದಿನದ ಷರತ್ತು ಇಲ್ಲಿ ಕೆಲಸಕ್ಕೆ ಬಂತು. ಮೂರೂ ಸೇವೆಗಳು ಒಂದೇ ಬೆಲೆಯಲ್ಲಿ ಕಟ್ಟಿಕೊಂಡಿದ್ದರೆ ಒಂದನ್ನು ಬಿಡಿಸುವ ಮಾತು ಇಡೀ ಒಪ್ಪಂದದ ಮರುಚರ್ಚೆಯಾಗುತ್ತಿತ್ತು.

14 ಜನರ ತಂಡ ಕಟ್ಟಲಾಯಿತು, ಅವರಲ್ಲಿ ಮೂವರು ಹಿಂದೆ ಇದೇ ಸಂಸ್ಥೆಯಲ್ಲಿದ್ದವರು, ಹಿಂದಿನದಕ್ಕಿಂತ ಹೆಚ್ಚಿನ ಸಂಬಳಕ್ಕೆ ಬಂದರು. ಮರಳಿ ತರುವುದಕ್ಕೆ ಒಮ್ಮೆ ಆದ ಖರ್ಚು 6. ನಾಲ್ಕನೇ ವರ್ಷದಲ್ಲಿ ಹೆಲ್ಪ್‌ಡೆಸ್ಕ್ ಮತ್ತು ಸರ್ವರ್ ಸೇರಿ 33, ಅಪ್ಲಿಕೇಶನ್‌ಗಳು ಎಲ್ಲ ಸೇರಿ 56, ಒಟ್ಟು 89. ಮೊದಲ ವರ್ಷದಲ್ಲಿ ಉಳಿದದ್ದು ಸುಮಾರು 7. ಎರಡನೇ ವರ್ಷ 2ರಷ್ಟು ನಷ್ಟ. ಮೂರನೆಯದರಲ್ಲಿ ಅಷ್ಟೇ ನಷ್ಟದ ಜೊತೆಗೆ ಮರಳಿ ತಂದ ಖರ್ಚು 6. ಐದನೇ ವರ್ಷವೂ ನಾಲ್ಕನೆಯದರಂತೆ ಸಾಗಿದರೆ ಕೊನೆಯ ಎರಡು ವರ್ಷ ತಲಾ 11. ಕೊನೆಯ ಎರಡು ವರ್ಷದ 22 ಬಂದು, ಎರಡನೇ ವರ್ಷದ 2 ಮತ್ತು ಮೂರನೆಯದರ 8 ಹೋಗಿ, ಮೊದಲ ವರ್ಷದ 7 ಸೇರಿ ಐದು ವರ್ಷಕ್ಕೆ ಉಳಿಯುವುದು ಅಜಮಾಸು 19. ಹೇಳಿದ್ದು 160. ಸಂಬಳ ಏರಿಕೆಯ ವಾದವನ್ನು ಒಪ್ಪಿಕೊಂಡರೆ ಈ 19 ಇನ್ನಷ್ಟು ದೊಡ್ಡದಾಗಬಹುದು, ಎಕ್ಸೆಲ್ ಕಡತ ತುಂಬಿದವರನ್ನೂ ಪತ್ರಗಳಿಗೆ ಸಮಜಾಯಿಷಿ ಕೊಟ್ಟವರನ್ನೂ ಸೇರಿಸಿದರೆ ಕುಗ್ಗಬಹುದು. ಎರಡನ್ನೂ ಹಾಕಿ ನೋಡಿದರೂ 160ರ ಹತ್ತಿರ ಹೋಗುವುದಿಲ್ಲ.

ಒಂದು ಸೇವೆಯಲ್ಲಿ ಉಳಿದು ಇನ್ನೊಂದರಲ್ಲಿ ಯಾಕೆ ಸೋರಿತು

ಕೆಲಸವನ್ನು ಒಳಗೇ ಮಾಡಿಸಬೇಕೇ, ಮಾರುಕಟ್ಟೆಯಿಂದ ಕೊಳ್ಳಬೇಕೇ ಎಂಬುದು ಅರ್ಥಶಾಸ್ತ್ರದಲ್ಲಿ ಹಳೆಯ ಪ್ರಶ್ನೆ. ಮಾರುಕಟ್ಟೆಯಲ್ಲಿ ಬೆಲೆ ಹುಡುಕುವುದಕ್ಕೂ ಒಪ್ಪಂದ ಮಾಡಿಕೊಳ್ಳುವುದಕ್ಕೂ ಖರ್ಚಿದೆ, ಸಂಸ್ಥೆಗಳು ಹುಟ್ಟುವುದೇ ಆ ಖರ್ಚನ್ನು ತಪ್ಪಿಸಲು ಎಂದು ರೊನಾಲ್ಡ್ ಕೋಸ್ 1937ರಲ್ಲಿ ವಾದಿಸಿದರು. 2009ರಲ್ಲಿ ನೊಬೆಲ್ ಪಡೆದ ಆಲಿವರ್ ವಿಲಿಯಮ್ಸನ್ ಅದನ್ನು ಮುಂದುವರಿಸಿ, ಒಂದು ಕೆಲಸಕ್ಕೆ ಬೇಕಾದ ಜ್ಞಾನ ಅಥವಾ ಸಲಕರಣೆ ಆ ಒಂದೇ ಸಂಬಂಧದ ಹೊರಗೆ ಬೆಲೆ ಇಲ್ಲದಂಥದ್ದಾದಷ್ಟೂ ಅದನ್ನು ಒಪ್ಪಂದದ ಮೂಲಕ ಕೊಳ್ಳುವುದು ದುಬಾರಿಯಾಗುತ್ತದೆ ಎಂದು ತೋರಿಸಿದರು. ಸರ್ವರ್ ನೋಡಿಕೊಳ್ಳುವ ಕೌಶಲಕ್ಕೆ ಎಲ್ಲೆಡೆ ಬೆಲೆಯಿದೆ, ಗುತ್ತಿಗೆದಾರರು ಒಬ್ಬನನ್ನು ತರಬೇತಿ ಮಾಡಿ ಹತ್ತು ಗ್ರಾಹಕರಿಗೆ ದುಡಿಸಬಹುದು. ತ್ರೈಮಾಸಿಕದ ಕೊನೆಯಲ್ಲಿ ಯಾವ ಬ್ಯಾಂಕಿನ ಕಡತ ತಡವಾಗುತ್ತದೆ ಎಂಬ ಅರಿವಿಗೆ ಈ ಸಂಸ್ಥೆಯ ಹೊರಗೆ ಚಿಕ್ಕಾಸಿನ ಬೆಲೆಯೂ ಇಲ್ಲ. ಅದನ್ನು ಕಲಿಯಲು ಗುತ್ತಿಗೆದಾರರಿಗಾಗಲಿ ಅವರ ಉದ್ಯೋಗಿಗಾಗಲಿ ಯಾವ ಆಸಕ್ತಿಯೂ ಇರಬೇಕಿಲ್ಲ, ಕಲಿತವನು ಬಡ್ತಿಗಾಗಿ ಬೇರೆಡೆಗೆ ಹೋಗುವುದೂ ಸಹಜ. ಮಂಡಳಿಗೆ ಹೋದ ಮೊದಲ ಪ್ರಸ್ತಾಪದಲ್ಲಿ ಈ ಎರಡು ಬಗೆಯ ಕೆಲಸಗಳು ಗಂಟೆಯ ದರ ಎಂಬ ಒಂದೇ ಅಂಕಣದಲ್ಲಿದ್ದವು.

ಕಷ್ಟ ಇನ್ನೂ ಮುಗಿದಿಲ್ಲ. ಮರಳಿ ಬಂದ ಮೂವರಲ್ಲಿ ಇಬ್ಬರು ನಿವೃತ್ತಿಯ ಅಂಚಿನಲ್ಲಿದ್ದಾರೆ, ಕೋಬಾಲ್ ಕಲಿಯಲು ಒಪ್ಪುವ ಕಿರಿಯರು ಸುಲಭಕ್ಕೆ ಸಿಗುತ್ತಿಲ್ಲ. ಹೊರಗುತ್ತಿಗೆಗೆ ಮೊದಲೂ ಈ ಅಪಾಯ ಹೀಗೆಯೇ ಇತ್ತು, ಆಗ ಯಾರೂ ಅದಕ್ಕೆ ಬೆಲೆ ಕಟ್ಟಿರಲಿಲ್ಲ. ಐದನೇ ವರ್ಷದ ಬಜೆಟ್ಟಿನಲ್ಲಿ ಆ ಇಬ್ಬರ ಪಕ್ಕ ಕುಳಿತು ಕಲಿಯುವ ಇಬ್ಬರು ಕಿರಿಯರ ಸಂಬಳವನ್ನು ಪ್ರತ್ಯೇಕ ಬಾಬತ್ತಾಗಿ ಕೇಳಲಾಗಿದೆ. ಅದು ಮಂಜೂರಾದರೆ ಮೇಲೆ ಹೇಳಿದ 89 ಮತ್ತು 19 ಎರಡೂ ಬದಲಾಗುತ್ತವೆ. ಖರೀದಿ ವಿಭಾಗ ಆಗಲೇ ಅದನ್ನು ಪ್ರಶ್ನಿಸಿದೆ.